ಶ್ರಾವಣ ಸೋಮವಾರದ ಸಕ್ಕರೆ ನೀರು

ಕಾಲುವೆ ನೀರು ಬಂದ ಮೇಲೆ ನಮ್ಮ ಹೊಲದಲ್ಲೂ ಭತ್ತ. ಆ ಅಕ್ಕಿಯನ್ನೇ ಮೊರಕ್ಕೆ ಹಾಕಿಕೊಂಡು ಕಲ್ಲು ಆರಿಸುತ್ತಿದ್ದಾಗ ಫೋನ್ ಬಂತು. ಕಲಬುರಗಿಯಲ್ಲಿ ಫಾರ್ಮಸಿ ಓದುತ್ತಿದ್ದ ಮಗಳು.

"ಅವ್ವಾ, ಎರಡು ಇಲಿ ಸತ್ತುವು. ಉಳದ ಆರೂ ಅಳ್ಳಾಡವಲ್ಲವು. ನಿನ್ನ ಮಾತು ಕೇಳಿ ಗುಡಿಗೆ ಹೋಗಿದ್ದೆ."

ಸಕ್ಕರೆ ಕಾಯಿಲೆಗೆ ಯಾವುದೋ ಎಲೆಯ ರಸ ಹಿಡಿಯುತ್ತದೋ ಇಲ್ಲವೋ ನೋಡುವುದು ಅವಳ ಕೊನೆಯ ವರ್ಷದ ಕೆಲಸ. ಅದಕ್ಕೆ ಮೊದಲು ಬಿಳಿ ಇಲಿಗಳಿಗೆ ಆ ಕಾಯಿಲೆ ಬರಿಸಬೇಕು. ಉಪವಾಸ ಇಟ್ಟು ಇಂಜೆಕ್ಷನ್ ಕೊಡುತ್ತಾರೆ. ರಕ್ತದಲ್ಲಿ ಸಕ್ಕರೆ ಏರಿ ನಿಲ್ಲುವ ಮುನ್ನ ಕೆಲವು ತಾಸು ಪೂರ್ತಿ ಇಳಿದುಬಿಡುತ್ತದಂತೆ. ಆಗ ಪಂಜರದಲ್ಲಿ ಸಕ್ಕರೆ ನೀರು ಇರಲೇಬೇಕು. ಬಂದು ಇಟ್ಟರಾಯಿತು ಎಂದು ಇವಳು ಹೋಗಿದ್ದಾಳೆ. ಶ್ರಾವಣ ಸೋಮವಾರ, ದರ್ಶನಕ್ಕೆ ಉದ್ದ ಸಾಲು. "ಶಿವನ ಮುಖ ನೋಡೂತನಕ ಒಪ್ಪತ್ತು ಬಿಡಬ್ಯಾಡ" ಎಂದು ಎರಡು ಸಲ ಫೋನ್ ಮಾಡಿದವಳು ನಾನೇ.

"ಇನ್ನೊಂದು ಸತ್ರ ಮೊದಲಿಂದ ಮಾಡಬೇಕವ್ವಾ. ನನ್ನ ಕೈಲೆ ಆಗಂಗಿಲ್ಲ. ಓದು ಬಿಟ್ಟು ಸುರಪುರಕ್ಕ ಬಂದಬಿಡ್ತೀನಿ."

"ಹುಚ್ಚಿ, ಅಳೂದು ಬಿಡು. ಬಾಯಾಗ ಹನಿಹನಿ ಹಾಕು."

"ಹಾಕಾಕತ್ತೇನಿ" ಎಂದವಳೇ ಫೋನ್ ಇಟ್ಟಳು.

"ಯಾರು ಸತ್ರು?" ಕಟ್ಟೆಯ ಮೇಲಿಂದ ಅತ್ತೆ.

"ಇಲಿರಿ, ಅತ್ತಿ."

"ಇಲೀನ? ಜ್ವಾಳದ ಚೀಲ ಕಡದ್ರ ನಾನ ಪಾಷಾಣ ಇಡ್ತೀನಿ. ತಾಯಿ ಮಗಳು ಕೂಡಿ ಸೂತಕ ಹಿಡೀರಿ!"

ನಗು ಬರಲಿಲ್ಲ. ಹಿಂದಿನ ವರ್ಷ ಇದೇ ಅತ್ತೆ ಸಕ್ಕರೆ ಕಾಯಿಲೆಯ ಗುಳಿಗೆ ನುಂಗಿ ಉಣ್ಣದೆ ಕೂತು, ಬೆವೆತು, ಕಣ್ಣು ಮೇಲೆ ಮಾಡಿದಾಗ ಬೆಲ್ಲದ ನೀರು ಕುಡಿಸಿದ್ದೆ. ಆ ಕಣ್ಣು ನೆನಪಾಯಿತು. ಒಳಗೆ ಹೋದೆ, ಹೊರಗೆ ಬಂದೆ, ಮತ್ತೆ ಒಳಗೆ. ದೇವರ ಮುಂದೆ ನಿಂತರೂ ಏನು ಬೇಡಬೇಕೋ ತಿಳಿಯಲಿಲ್ಲ. ಬದುಕಿದರೂ ಅವು ರೋಗ ಅನುಭವಿಸಲಿಕ್ಕೇ ಬದುಕಬೇಕು. ಆದರೂ ಬದುಕಿಸಪ್ಪ ಎಂದೆ.

ದೀಪ ಹಚ್ಚುವ ಹೊತ್ತಿಗೆ ಮತ್ತೆ ಅವಳೇ.

"ಆರೂ ಎದ್ದಾವವ್ವಾ. ತಾವ ಕುಡಿಯಾಕತ್ಯಾವ."

"ನೀ ಏನರ ತಿಂದಿ?"

"ಇನ್ನಾ ಇಲ್ಲ."

"ಮೊದಲು ತಿನ್ನು. ಮುಂದಿನ ಸೋಮವಾರ ಗುಡಿ ಬ್ಯಾಡ. ಕೆಲಸ ಮುಗಿಸಿ ನಿಂತಲ್ಲೇ ಕೈಮುಗಿ, ಸಾಕು."

ಆರು ಉಳಿದದ್ದು ಆ ಶಿವನ ದಯೆ. ಮಗಳು ಓದು ಬಿಡುವ ಮಾತು ಮತ್ತೆ ಎತ್ತಲಿಲ್ಲ, ಅದೂ ದಯೆಯೇ. ಹೋದ ಎರಡು ಮಾತ್ರ ನನ್ನ ಮಾತಿಗೆ ಹೋದವು. ಅದನ್ನು ಯಾರ ಮೇಲೆ ಹಾಕಲಿ? ಹಂಚು ಒಲೆಗೇರಿಸಿ, ಜೋಳದ ಹಿಟ್ಟಿಗೆ ಎಸರು ಹಾಕಿದೆ.