ಐಸಕ್ಕನ ಮನೆಯ ಟ್ಯೂಬು

ಗರ್ಭಿಣಿಯರ ರಕ್ತದಿಂದಲೇ ಹೊಟ್ಟೆಯೊಳಗಿನ ಕೂಸಿನ ವಂಶವಾಹಿ ನೋಡಿ ಹೇಳುವ ಕಂಪನಿ ಅದು. ಅಲ್ಲಿ ರಕ್ತದ ಟ್ಯೂಬುಗಳನ್ನು ಇಳಿಸಿಕೊಳ್ಳುವ ಹೆಂಗಸಿಗೆ ಕೊರಿಯರ್‌ನವರು ಇಟ್ಟ ಹೆಸರು ಐಸಕ್ಕ. ಯಾರಾದರೂ ಟ್ಯೂಬನ್ನು ಐಸಿನಲ್ಲಿಟ್ಟು ತಂದರೆ ಮುಗಿಯಿತು ಅವರ ಕಥೆ. ತೀರಾ ತಣ್ಣಗಾದರೆ ತಾಯಿಯ ರಕ್ತಕಣ ಒಡೆದು, ಕೂಸಿನ ಚೂರುಪಾರು ಗುರುತು ಅದರಲ್ಲಿ ಮುಳುಗಿಹೋಗುತ್ತದೆ. "ಮೀನೇನ್ರೀ ಇದು, ಐಸ್ ಹಾಕಿ ತರೋಕೆ?" ಎಂದು ಶುರುಮಾಡಿದರೆ ಕೌಂಟರಿನ ಗಾಜೂ ಅದುರಬೇಕು. ಕೆಟ್ಟವಳಲ್ಲ ಪಾಪ, ಬಾಯಿ ಮಾತ್ರ ಜೋರು.

ಐಸಕ್ಕನ ಮಗಳ ಮೊದಲ ಬಸಿರು ನಿಂತಿರಲಿಲ್ಲ, ವಂಶವಾಹಿಯಲ್ಲೇ ದೋಷವಿತ್ತು. ಈ ಸಲ ಅವಳ ಟ್ಯೂಬನ್ನು ಅಳಿಯನೇ ಕ್ಲಿನಿಕ್ಕಿನಿಂದ ತಂದುಕೊಟ್ಟ. ಐಸಕ್ಕ ಮುಟ್ಟಿ ನೋಡಿದಳು. ತಣ್ಣಗಿರಲಿಲ್ಲ. "ಭೇಷ್ ಅಳಿಯಂದ್ರೇ" ಎಂದು ಒಳಗೆ ಕಳಿಸಿದಳು.

ವರದಿ ಬಂತು: ಕೂಸಿನ ಅಂಶ ಸಾಲದು, ಏನೂ ಹೇಳಲಾಗದು, ಮತ್ತೆ ರಕ್ತ ಬೇಕು. ಮಗಳು ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಳು. "ಅಮ್ಮ, ಇದೂ ಹೋಯ್ತು ಅಲ್ವಾ?"

ಬೇರೆಯವರಿಗಾದರೆ 'ಏನೂ ಆಗಲ್ಲ, ಇನ್ನೊಂದ್ಸಲ ಕೊಡಿ' ಎಂದು ಸಲೀಸಾಗಿ ಹೇಳುತ್ತಿದ್ದ ಐಸಕ್ಕ, ಮಗಳ ಹೊದಿಕೆಯನ್ನಷ್ಟೇ ಸರಿಮಾಡಿದಳು. ಕೂಸಿನಲ್ಲಿ ಐಬಿದ್ದರೂ ಕೆಲವೊಮ್ಮೆ ವರದಿ ಹೀಗೇ ಬರುತ್ತದೆಂದು ಅವಳಿಗೆ ಗೊತ್ತಿತ್ತು. ಗೊತ್ತಿಲ್ಲದಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನಿಸಿತು.

ನೀರಿಗೆಂದು ಅಡುಗೆಮನೆಗೆ ಹೋದರೆ ಅಲ್ಲಿ ಅಳಿಯ ಬೆವರುತ್ತ ನಿಂತಿದ್ದ.

"ಅತ್ತೆ, ಅವತ್ತು ಬಿಸಿಲು ಅಂತ ಟ್ಯೂಬನ್ನ ಐಸ್ ಡಬ್ಬಿಲಿ ಇಟ್ಟಿದ್ದೆ. ನಿಮ್ಮ ಗೇಟಿನ ಹತ್ರ ಬಂದಾಗ ನಿಮ್ಮ ಬೈಗುಳ ನೆನಪಾಯ್ತು. ಒರೆಸಿ, ಅಂಗೈಲಿ ಉಜ್ಜಿ ಬಿಸಿ ಮಾಡಿ ತಂದ್ಕೊಟ್ಟೆ."

"ಅಯ್ಯೋ ಪುಣ್ಯಾತ್ಮ! ಆಗ್ಲೇ ಹೇಳೋಕೆ ಏನಾಗಿತ್ತು?"

"ಹೆದರಿಕೆ ಆಗಿತ್ತು, ಅತ್ತೆ."

ಐಸಕ್ಕನಿಗೆ ಬೈಯಬೇಕೆನಿಸಿತು, ಅದಕ್ಕಿಂತ ಹೆಚ್ಚಾಗಿ ಅವನ ಕೆನ್ನೆ ಸವರಬೇಕೆನಿಸಿತು. ಐಬು ಕೂಸಿನದಲ್ಲ, ಐಸಿನದೇ ಇರಬಹುದಲ್ಲ! ಓಡಿಹೋಗಿ ಮಗಳನ್ನು ಎಬ್ಬಿಸಿ ಕೂರಿಸಿದಳು.

ಎರಡನೇ ಟ್ಯೂಬನ್ನು ತಾನೇ ತಂದಳು. ಈ ಸಲದ ವರದಿಯಲ್ಲಿ ಹುಡುಕಿದ ದೋಷ ಒಂದೂ ಇರಲಿಲ್ಲ. ಮಗಳು ನಕ್ಕಳು, ಅತ್ತಳು, ಆಮೇಲೆ "ಹಸಿವಾಗ್ತಿದೆ" ಅಂದಳು. ಅಳಿಯನಿಗಂತೂ ಹೋದ ಜೀವ ಬಂದಂತಾಯಿತು.

ಮರುದಿನ ಕೊರಿಯರ್‌ನವನೊಬ್ಬ ಕೌಂಟರಿನ ಮೇಲೆ ಟ್ಯೂಬು ಇಟ್ಟ. ಟ್ಯೂಬೇನೋ ಒಣಗಿತ್ತು, ಅವನ ಚೀಲದ ತಳ ಒದ್ದೆಯಾಗಿತ್ತು. ಐಸಕ್ಕ ಬಾಯಿ ತೆರೆದಳು, ಮತ್ತೆ ಮುಚ್ಚಿದಳು. ಕುರ್ಚಿ ಎಳೆದು ಹಾಕಿದಳು.

"ಕೂತ್ಕೊಳ್ಳಪ್ಪ, ನೀರು ಕುಡಿ. ಐಸಲ್ಲಿ ಇಟ್ಟಿದ್ರೆ ಹೇಳ್ಬಿಡು, ಬೈಯಲ್ಲ. ಅಲ್ಲಿ ಒಬ್ಬಳು ಗೋಡೆ ನೋಡ್ಕೊಂಡು ಮಲಗೋದು ಬೇಡ."