ಹೊರಗಿನ ಸ್ವಿಚ್ಚು

ನಮ್ಮ ಅಡುಗೆಮನೆಯ ಸ್ವಿಚ್ಚಿನ ಸುತ್ತ ಗೋಡೆಗೆ ಕಂದುಬಣ್ಣದ ಕಲೆಯೊಂದು ಹತ್ತಿದೆ. ಎಷ್ಟು ಸಲ ಸುಣ್ಣ ಬಳಿಸಿದರೂ ವರ್ಷ ತುಂಬುವುದರೊಳಗೆ ಮತ್ತೆ ಮೂಡುತ್ತದೆ. ಕತ್ತಲಲ್ಲಿ ತಡಕಾಡಿದ ಬೆರಳುಗಳ ಗುರುತದು. ನಿಮ್ಮ ಮನೆಯಲ್ಲೂ ಇದ್ದೀತು, ಎದ್ದು ನೋಡಿ. ಮಬ್ಬುಗತ್ತಲಾದೊಡನೆ ಕೈ ನಮ್ಮ ಅಪ್ಪಣೆಗೂ ಕಾಯದೆ ಸ್ವಿಚ್ಚು ಹುಡುಕಿಕೊಂಡು ಹೊರಡುತ್ತದೆ. ಬೆಳಕು ಬಂದ ಕೂಡಲೇ ಹಿರಿಯರು ಬಲ್ಬಿಗೂ ಕೈಮುಗಿಯುತ್ತಾರೆ. ಈ ಎರಡರ ನಡುವಿನ ರೆಪ್ಪೆ ಬಡಿಯುವಷ್ಟು ಹೊತ್ತಿನಲ್ಲಿ ಏನು ನಡೆಯುತ್ತದೆಂದು, ರೋಣದಲ್ಲಿ ಸಂಸಾರ ಹೂಡಿ ಇಷ್ಟು ಕಾಲವಾದರೂ ನಾನು ಯೋಚಿಸಿದವಳಲ್ಲ.

ಆ ಯೋಚನೆ ಹತ್ತಿಸಿದವರು ಗಜೇಂದ್ರಗಡದ ನನ್ನ ಭಾವ, ಅಕ್ಕನ ಗಂಡ. ಹೊಸ ಶತಮಾನ ಹುಟ್ಟಿ ಕೆಲವೇ ವರ್ಷಗಳಾಗಿದ್ದವು. ನಮ್ಮ ಸೀಮೆಯ ಒಲೆಗಳು ಒಂದೊಂದಾಗಿ ಗ್ಯಾಸಿಗೆ ಹೊರಳುತ್ತಿದ್ದವು. ಶೇಂಗಾ ವ್ಯಾಪಾರದ ಮನೆತನದ ಭಾವ ಗ್ಯಾಸ್ ಏಜೆನ್ಸಿ ಹಿಡಿದು, ಊರಾಚೆ ಎರೆಹೊಲದ ನಡುವೆ ಸಿಲಿಂಡರಿನ ಗೋದಾಮು ಕಟ್ಟಿಸಿದ್ದರು. ದೀಪಾವಳಿಗೆ ಹೋದಾಗ ನೋಡುತ್ತೇನೆ, ಒಳಗೆ ಒಂದೂ ಸ್ವಿಚ್ಚಿಲ್ಲ! ಮೇಲೆ ದಪ್ಪ ಗಾಜು, ಕಬ್ಬಿಣದ ಕವಚ ತೊಟ್ಟ ದೀಪ. ಅದನ್ನು ಹಚ್ಚುವ ಸ್ವಿಚ್ಚು ಮಾತ್ರ ದೂರದ ಗೇಟಿನ ಕಂಬದ ಹೊರಮೈಗೆ. ಗಾಳಿಯ ಕಿಂಡಿಗಳೋ, ಇಲಿಗಳಿಗೆಂದೇ ಮಾಡಿಸಿದಂತೆ ಗೋಡೆಯ ಬುಡದಲ್ಲಿಯೂ ಇದ್ದವು. ನನಗೆ ನಗು ತಡೆಯಲಾಗಲಿಲ್ಲ.

“ನಗಬ್ಯಾಡವಾ,” ಅಂದರು ಭಾವ. “ಸ್ವಿಚ್ ಒತ್ತಿದಾಗೊಮ್ಮೆ ಒಳಗ ಸಣ್ಣ ಕಿಡಿ ಹಾರತೈತಿ, ನಮಗ ಕಾಣಂಗಿಲ್ಲ ಅಷ್ಟ. ಗ್ಯಾಸ್ ಸೋರಿತ್ತಂದ್ರ ಅಷ್ಟ ಸಾಕು.”

ಆ ಕಾಣದ ಕಿಡಿ ನನ್ನ ತಲೆಯಲ್ಲಿ ಕುಳಿತೇಬಿಟ್ಟಿತು. ಎಷ್ಟು ಸಾವಿರ ಸಲ ನನ್ನ ಬೆರಳ ತುದಿಯಲ್ಲೇ ಹುಟ್ಟಿ ಸತ್ತಿದೆಯೋ, ಒಮ್ಮೆಯೂ ಪರಿಚಯವಾಗಿರಲಿಲ್ಲವಲ್ಲ!

ಅಮಾವಾಸ್ಯೆಯ ಸಂಜೆ ಲಕ್ಷ್ಮೀಪೂಜೆ. ಭಾವನ ತಾಯಿ ಗೌರವ್ವ ಹಿತ್ತಾಳೆಯ ದೀಪದ ಸಮೆ, ಎಣ್ಣೆ, ಬತ್ತಿ, ಹೂವು, ವಿಭೂತಿ, ಕಡ್ಡಿಪೆಟ್ಟಿಗೆ ಹಿಡಿದು ನಮ್ಮೊಡನೆ ಗೋದಾಮಿಗೆ ಬಂದರು. ಶೇಂಗಾ ಚೀಲಗಳ ನಡುವೆ ಪ್ರತಿವರ್ಷ ದೀಪವಿಟ್ಟ ಕೈ ಅದು. ಅವರ ಗೋದಾಮು ಅಮಾವಾಸ್ಯೆಗೆ ಕತ್ತಲಲ್ಲಿ ಉಳಿದದ್ದು ಒಂದೇ ಸಲ, ಯಜಮಾನರು ತೀರಿಕೊಂಡ ವರ್ಷ. ಆದ್ದರಿಂದ ದೀಪವಿಲ್ಲದ ಗೋದಾಮೆಂದರೆ ಅವರಿಗೆ ಸಾವಿನ ಮನೆ. ಗೇಟಿನಲ್ಲಿ ಅವರನ್ನು ತಡೆದ ಮಗನಿಗೆ, ಒಳಗೆ ದೀಪವೆಂದರೆ ಸಾವು. ಒಂದೇ ಭಯ ಇಬ್ಬರನ್ನೂ ಎದುರುಬದುರು ನಿಲ್ಲಿಸಿತ್ತು.

“ಅವ್ವಾ, ಒಳಗ ಬೆಂಕಿ ಒಯ್ಯಬಾರದು.”

“ಇದು ಬೆಂಕಿ ಅಲ್ಲೋ, ದೀಪ!” ಮುದುಕಿಯ ಕಣ್ಣು ತುಂಬಿತು. “ಮೊದಲನೇ ವರ್ಷನ ಕತ್ತಲಾಗ ಇಡತೀಯೇನು?”

 ಭಾವ ಎಂದೂ ಅವ್ವನಿಗೆ ಎದುರಾಡಿದವರಲ್ಲ, ಸೋತೇಬಿಡುತ್ತಾರೇನೋ ಎಂದುಕೊಂಡೆ. ಕೊನೆಗೆ ದೂರದ ಗೋಡೆಯ ಬುಡದ ಕಿಂಡಿಗಳತ್ತ ಕೈತೋರಿ ಮೆಲ್ಲಗೆ ಹೇಳಿದರು, “ಗ್ಯಾಸ್ ಮ್ಯಾಲೆ ಹೋಗಂಗಿಲ್ಲವ್ವಾ. ಗಾಳಿಗಿಂತ ಭಾರ. ಸೋರಿದ್ರ ನೀರಿನಂಗ ನೆಲದಾಗ ಹರಡಿ ಕುಂತಿರತೈತಿ. ಅದು ಹೊರಗ ಹೋಗಲಿ ಅಂತ ಆ ಕಿಂಡಿ.”

ಗೌರವ್ವ ಕಿಂಡಿಗಳನ್ನು ನೋಡಿದರು, ಆಮೇಲೆ ಕೈಯಲ್ಲಿದ್ದ ಸಮೆಯನ್ನು.

“ಸಮೆ ಇಡೋದೂ ನೆಲದ ಮ್ಯಾಲನ ಅಲ್ಲೇನೋ,” ಎಂದರು. ದನಿ ಸಣ್ಣಗಾಗಿತ್ತು.

 ಅವರು ಕಡ್ಡಿಪೆಟ್ಟಿಗೆಯನ್ನು ನನ್ನ ಕೈಗಿತ್ತು, ಗೇಟಿನ ಕಂಬದ ಬಳಿ ಹೋಗಿ, ಸ್ವಿಚ್ಚಿನ ಪೆಟ್ಟಿಗೆಗೆ ವಿಭೂತಿ ಎಳೆದು, ಹೂವೇರಿಸಿ, ಸೆರಗು ಸರಿಮಾಡಿಕೊಂಡು ಒತ್ತಿದರು. ದೂರದ ಗೋದಾಮಿನ ಕಿಂಡಿಗಳೆಲ್ಲ ಒಮ್ಮೆಲೇ ಬೆಳಗಿದವು. “ಹಚ್ಚಿದೆ ನೋಡ್ರಿ,” ಎಂದು ಗೌರವ್ವ ಯಾರಿಗೋ ಹೇಳಿ ಕೈಮುಗಿದರು, ತೀರಿಕೊಂಡ ಯಜಮಾನರಿಗಿರಬೇಕು. ಭಾವ ಮುಖ ಆಚೆ ತಿರುಗಿಸಿಕೊಂಡು ಕಣ್ಣೊರೆಸಿದರು. ಹಚ್ಚದ ಸಮೆ ನಮ್ಮೊಡನೆಯೇ ಮನೆಗೆ ಬಂದು ದೇವರ ಮುಂದೆ ಬೆಳಗಿತು.

ದೀಪಕ್ಕೂ ಬೆಂಕಿಗೂ ವ್ಯತ್ಯಾಸವೇನು ಎಂದು ಅಂದಿನಿಂದ ಯೋಚಿಸುತ್ತಿದ್ದೇನೆ. ಜ್ವಾಲೆಯಲ್ಲಿ ಏನೂ ಇಲ್ಲ. ಎಲ್ಲಿ ಇಡುತ್ತೇವೆ ಎಂಬುದರಲ್ಲಿದೆ, ಅಷ್ಟೇ ಎಂದು ಈಗೀಗ ಅನ್ನಿಸುತ್ತದೆ.

ನಮ್ಮ ಅಡುಗೆಮನೆಯ ಗೋಡೆಯ ಕಲೆ ಈಗಲೂ ಇದೆ. ಆದರೆ ಕೈ ಮೊದಲಿನಂತೆ ತಾನಾಗಿ ಓಡುವುದಿಲ್ಲ. ಕತ್ತಲಲ್ಲಿ ಹೊಸ್ತಿಲ ಮೇಲೆ ನಿಂತು, ನೆಲದ ಕಡೆ ಬಾಗಿ, ಒಮ್ಮೆ ಗ್ಯಾಸಿನ ವಾಸನೆ ನೋಡುತ್ತೇನೆ. ಕಂಡವರು ನಮಸ್ಕಾರ ಮಾಡುತ್ತಿದ್ದಾಳೆ ಅಂದುಕೊಳ್ಳುತ್ತಾರೆ. ಅಂದುಕೊಳ್ಳಲಿ.