ಆಂಟ್ ಅಂದರೆ ಯಾರು?

ನನ್ನ ತಂಗಿ ತೀರಿಕೊಂಡ ಮೇಲೆ ಅವಳ ಮಗಳು ಮೆಹದಿಪಟ್ಟಣಂನ ನಮ್ಮ ಮನೆಗೆ ಬಂದಳು. ಎರಡು ಬ್ಯಾಗಿನಲ್ಲಿ ಬಟ್ಟೆ, ಇಂಟರ್ ಎರಡನೇ ವರ್ಷದ, ಅಂದರೆ ಇಲ್ಲಿಯ ಪಿಯುಸಿಯ, ಪುಸ್ತಕಗಳು, ಜೊತೆಗೆ ಒಂದು ಇಂಗ್ಲಿಷ್ ಕಾದಂಬರಿ. ಅದನ್ನು ಕೋಠಿಯ ಹಳೆ ಪುಸ್ತಕದ ಅಂಗಡಿಯಲ್ಲಿ ತಾಯಿ ಮಗಳು ಕೂಡಿ ಹೋಗಿ ಕೊಂಡು ತಂದಿದ್ದರಂತೆ. ಮುಖಪುಟದ ಮೇಲೆ ಒಬ್ಬ ಹುಡುಗಿಯ ಅರ್ಧ ಮುಖ, ಉಳಿದರ್ಧ ನೀರಿನಲ್ಲಿ ಕಲಸಿಹೋದ ಹಾಗಿತ್ತು. ಹರೆಯದ ಮಕ್ಕಳು ಓದುವ ಪತ್ತೇದಾರಿ ಕತೆ, ಆದರೆ ಅದರಲ್ಲಿ ಪೊಲೀಸರಿಗಿಂತ ಮನಸ್ಸಿನ ಹುಡುಕಾಟವೇ ಹೆಚ್ಚು ಎಂದು ನನಗೆ ಆಮೇಲೆ ತಿಳಿಯಿತು.

ಹುಡುಗಿ ಅದನ್ನು ಓದಿ ಮುಗಿಸಿದಳು. ಮತ್ತೆ ಮೊದಲಿನಿಂದ ಶುರು ಮಾಡಿದಳು. ಅದೂ ಮುಗಿಯಿತು, ಮತ್ತೆ ಮೊದಲ ಪುಟ. ಪರೀಕ್ಷೆ ಹತ್ತಿರ ಬಂದರೂ ಕಾಲೇಜಿನ ಪುಸ್ತಕದ ಪಕ್ಕದಲ್ಲಿ ಅದು ಇದ್ದೇ ಇರುತ್ತಿತ್ತು. ನಾನು ಮನೆಯಲ್ಲಿ ಕೂತು ಸೀರೆಗಳಿಗೆ ಫಾಲ್ ಹಚ್ಚುತ್ತೇನೆ. ಪುಟದ ಗುರುತಿಗೆ ಅವಳು ನನ್ನ ಹೊಲಿಗೆ ಡಬ್ಬಿಯಿಂದಲೇ ಒಂದು ಫಾಲಿನ ತುಂಡು ತೆಗೆದುಕೊಂಡಿದ್ದಳು. ನನ್ನನ್ನು ಕೇಳಿರಲಿಲ್ಲ. ನನಗೆ ಅದೊಂದೇ ಸಮಾಧಾನವಾಗಿತ್ತು. ಕೇಳದೆ ತೆಗೆದುಕೊಳ್ಳುವಷ್ಟಾದರೂ ಇದು ಅವಳ ಮನೆ ಅಂದುಕೊಂಡೆ.

ಯಾಕೆಂದರೆ ಮಾತಿನಲ್ಲಿ ಅವಳು ದೂರ ಹೋಗಿದ್ದಳು. ಮೊದಲು ನನ್ನನ್ನು ದೊಡ್ಡವ್ವ ಎನ್ನುತ್ತಿದ್ದಳು. ನಮ್ಮಲ್ಲಿ ತಾಯಿಯ ಅಕ್ಕ ದೊಡ್ಡವ್ವ, ಅಂದರೆ ಅವಳೂ ಅವ್ವನೇ. ಅವ್ವನಿಗೆ ನೀನು ಅಂದ ಹಾಗೆ ದೊಡ್ಡವ್ವನಿಗೂ ನೀನು. ನನ್ನ ತಂಗಿಯನ್ನು ಕಳಿಸಿ ಬಂದ ದಿನದಿಂದ ಆ ಹುಡುಗಿಯ ಬಾಯಲ್ಲಿ ಆ ಶಬ್ದ ಬರಲಿಲ್ಲ. ಅದರೊಳಗೆ ಅವ್ವ ಇದ್ದಾಳಲ್ಲ, ಅದಕ್ಕೇ ಇರಬೇಕು. ಏನೂ ಕರೆಯದೆ ಮಾತಾಡುವುದನ್ನು ಕಲಿತಳು. "ಇಲ್ಲಿ ನೋಡ್ರಿ," "ಹಾಲು ಉಕ್ಕಾಕತ್ತೈತ್ರಿ." ನೀನು ಹೋಗಿ ನೀವು ಆಯಿತು. ಒಮ್ಮೆ ಗೆಳತಿಯೊಡನೆ ಫೋನಿನಲ್ಲಿ ತೆಲುಗಿನಲ್ಲಿ, "ಆಂಟೀ ವಾಳ್ಳ ಇಂಟ್ಲೋ ಉನ್ನಾ" ಅನ್ನುವುದನ್ನು ಕೇಳಿಸಿಕೊಂಡೆ. ಆಂಟಿ ಮನೆಯಲ್ಲಿದ್ದೇನೆ. ಈ ಊರಿನಲ್ಲಿ ನಾನು ಯಾರಿಗೆ ಆಂಟಿ ಅಲ್ಲ? ಆಟೋದವನಿಗೆ, ಕೊತ್ತಂಬರಿ ಮಾರುವವಳಿಗೆ, ಲಿಫ್ಟ್ ರಿಪೇರಿಗೆ ಬಂದವನಿಗೆ, ಎಲ್ಲರಿಗೂ ಆಂಟಿ.

ಅವಳ ಅಪ್ಪ ಕಂಪನಿ ಕೆಲಸದ ಮೇಲೆ ಊರೂರು ತಿರುಗುವವರು. ಪರೀಕ್ಷೆ ಮುಗಿದ ಮೇಲೆ ಮಗಳು ಎಲ್ಲಿರುತ್ತಾಳೆ ಎಂಬ ಮಾತು ಬಂದಾಗ, "ಅಕಿ ಎಲ್ಲಿ ಅಂತಾಳೋ ಅಲ್ಲಿ," ಎಂದುಬಿಟ್ಟರು. ಅವರ ಅಕ್ಕ, ಹುಡುಗಿಯ ಅತ್ತಿ, ಸೊಲ್ಲಾಪುರದಿಂದ ವಾರ ವಾರ ಫೋನು ಮಾಡುತ್ತಿದ್ದರು. ದೊಡ್ಡ ಮನೆ, ಹತ್ತಿರದಲ್ಲೇ ಡಿಗ್ರಿ ಕಾಲೇಜು, ಅವಳ ವಯಸ್ಸಿನ ಮಕ್ಕಳು. "ನೀವ್ ಯಾಕ ತ್ರಾಸ ತಗೋತೀರಿ," ಎಂದು ನನಗೇ ಹೇಳುತ್ತಿದ್ದರು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಫೋನಿಟ್ಟ ಮೇಲೆ ಮಾತ್ರ ನನಗೆ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ. ಒರೆಸಿದ ಕಟ್ಟೆಯನ್ನೇ ಮತ್ತೆ ಒರೆಸುತ್ತಿದ್ದೆ.

ಹಾಗೆ ಒಂದು ಮಧ್ಯಾಹ್ನ, ಹುಡುಗಿ ಕಾಲೇಜಿಗೆ, ನಮ್ಮವರು ಫ್ಯಾಕ್ಟರಿ ಡ್ಯೂಟಿಗೆ ಹೋಗಿದ್ದಾಗ, ಆ ಪುಸ್ತಕ ತೆಗೆದೆ. ನಾನು ಕನ್ನಡ ಶಾಲೆಯಲ್ಲಿ ಕಲಿತು ಪಿಯುಸಿಗೆ ನಿಲ್ಲಿಸಿದವಳು. ನನ್ನ ಇಂಗ್ಲಿಷು ಬ್ಯಾಂಕಿಗೆ, ಔಷಧಿ ಚೀಟಿಗೆ ಸಾಕಾಗುವಷ್ಟು. ಆದರೆ ಅದರ ವಾಕ್ಯಗಳು ಸಣ್ಣವು. ನಾನು ಎದ್ದೆ, ನಾನು ನೋಡಿದೆ, ಬಾಗಿಲು ತೆರೆದಿತ್ತು. ತಿಳಿಯದ ಶಬ್ದವನ್ನು ಮೊದಮೊದಲು ಮೊಬೈಲಿನಲ್ಲಿ ನೋಡಿದೆ, ಆಮೇಲೆ ಹಾರಿಸಿಕೊಂಡು ಮುಂದೆ ಹೋದೆ.

ಕತೆ ಇಷ್ಟು. ಕೆರೆಯ ದಂಡೆಯ ಒಂದು ಮನೆ. ಹದಿಹರೆಯದ ಹುಡುಗಿಯ ತಾಯಿ ಮೆಟ್ಟಿಲಿನಿಂದ ಬಿದ್ದು ಸತ್ತಿದ್ದಾಳೆ. ಆ ರಾತ್ರಿ ಏನಾಯಿತೆಂದು ಹುಡುಗಿಗೆ ನೆನಪಿಲ್ಲ. ಆಮೇಲೆ ಆ ಮನೆಗೆ ಒಬ್ಬ ಆಂಟ್ ಬಂದು ನಿಲ್ಲುತ್ತಾಳೆ. ತಾಯಿಯ ಕೋಣೆಗೆ ಬೀಗ ಹಾಕುತ್ತಾಳೆ, ಹುಡುಗಿಯ ಫೋನು ಬಚ್ಚಿಡುತ್ತಾಳೆ, ಹಾಲಿನಲ್ಲಿ ಏನೋ ಗುಳಿಗೆ ಕದಡಿ ಕೊಡುತ್ತಾಳೆ. ಇವಳೇ ಕೊಂದಿರಬೇಕು ಎಂದು ಹುಡುಗಿಗೆ ಸಂಶಯ.

ಆಂಟ್ ಅಂದರೆ ಅತ್ತಿ ಎಂದು ನಾನು ಮೊದಲ ಪುಟದಲ್ಲೇ ತೀರ್ಮಾನಿಸಿಬಿಟ್ಟೆ. ಸತ್ತವಳ ಮನೆಗೆ ಬಂದು ಬೀಗದಕೈ ಸೊಂಟಕ್ಕೆ ಸಿಗಿಸಿಕೊಳ್ಳುವವಳು ಗಂಡನ ಕಡೆಯವಳಲ್ಲದೆ ಇನ್ನಾರು? ಅಷ್ಟಾದ ಮೇಲೆ ಆ ಬಿಳಿಯ ಹೆಂಗಸಿಗೆ ಸೊಲ್ಲಾಪುರದ ಅತ್ತಿಯ ಮುಖ ತಾನಾಗಿ ಬಂದು ಅಂಟಿಕೊಂಡಿತು. ಅವರ ದಪ್ಪ ಕನ್ನಡಕ, ಅವರ ಮೂಗುಬಟ್ಟು, ಮಾತಿನ ನಡುವೆ ಅಡಕಿ ಕತ್ತರಿಸುವ ಅವರ ರೀತಿ. ಓದುವುದು ಒಮ್ಮೆಲೆ ಸಲೀಸಾಯಿತು. ಅವಳು ಏನು ಮಾಡಿದರೂ ನನಗೆ ಆಶ್ಚರ್ಯವಾಗುತ್ತಿರಲಿಲ್ಲ. ಒಂದು ದಿನ ನಮ್ಮವರಿಗೆ ಊಟ ಬಡಿಸುತ್ತ ಬಾಯಿ ಬಿಟ್ಟೆ.

"ಅತ್ತಿ ಹಾಲಿನ್ಯಾಗ ಗುಳಿಗಿ ಹಾಕ್ಯಾಳ ನೋಡ್ರಿ."

ಅವರು ತುತ್ತು ಕೈಯಲ್ಲೇ ಹಿಡಿದು ನನ್ನನ್ನು ನೋಡಿದರು. "ಯಾರ ಹಾಲಿನ್ಯಾಗ? ಯಾವಾಗ?"

"ಪುಸ್ತಕದಾಗ್ರಿ."

"ಪುಸ್ತಕದಾಗಿಂದು ಪುಸ್ತಕದಾಗ ಇಡು. ಸೊಲ್ಲಾಪುರದ ಫೋನಿನ್ಯಾಗ ಅಂದುಗಿಂದೀ ಮತ್ತ."

ಅರ್ಧ ಪುಸ್ತಕ ದಾಟಿದ ಮೇಲೆ ಒಂದು ಕಡೆ ಆ ಆಂಟ್ ಕೆರೆಯ ದಂಡೆಯಲ್ಲಿ ಒಬ್ಬಳೇ ಕೂತು ಅಳುತ್ತಾಳೆ. ಹುಡುಗಿ ಮರೆಯಲ್ಲಿ ನಿಂತು ಕೇಳುತ್ತಾಳೆ. ಅವಳು ನನ್ನ ಪುಟ್ಟ ತಂಗಿ, ಅವಳ ಜಡೆ ನಾನೇ ಹೆಣೆಯುತ್ತಿದ್ದೆ ಎಂದು ಆ ಹೆಂಗಸು ಹೇಳಿಕೊಳ್ಳುತ್ತಾಳೆ.

ಆ ಸಾಲನ್ನು ಮೂರು ನಾಲ್ಕು ಸಲ ಓದಿದೆ. ಶಬ್ದಗಳೆಲ್ಲ ಸುಲಭದವೇ. ಸಂಶಯಕ್ಕೆ ಎಡೆಯೇ ಇರಲಿಲ್ಲ. ಆ ಆಂಟ್ ತಾಯಿಯ ಅಕ್ಕ. ದೊಡ್ಡವ್ವ. ಸೊಲ್ಲಾಪುರದ ಅತ್ತಿ ಕನ್ನಡಕ, ಮೂಗುಬಟ್ಟು, ಅಡಕೊತ್ತು ಎಲ್ಲ ತೆಗೆದುಕೊಂಡು ಪುಸ್ತಕದಿಂದ ಎದ್ದು ಹೋದರು. ಬೀಗದಕೈ, ಗುಳಿಗೆ, ಬಚ್ಚಿಟ್ಟ ಫೋನು ನನ್ನ ಕೈಯಲ್ಲಿ ಉಳಿದವು.

ಪುಸ್ತಕ ಮುಚ್ಚಿ ಅಡುಗೆಮನೆಗೆ ಹೋದೆ, ಯಾಕೆ ಹೋದೆನೆಂದು ಮರೆತು ವಾಪಸು ಬಂದೆ. ನನ್ನ ತಂಗಿಯ ಜಡೆಯನ್ನೂ ನಾನೇ ಹೆಣೆಯುತ್ತಿದ್ದೆ. ಬಿಗಿಯಾಗಿ ಎಳೆದರೆ "ಅಕ್ಕಾ" ಎಂದು ಚೀರುತ್ತಿದ್ದಳು. ನಮ್ಮಪ್ಪನಿಗೆ ನಾವಿಬ್ಬರೇ ಮಕ್ಕಳು. ನನ್ನನ್ನು ಅಕ್ಕ ಎನ್ನುತ್ತಿದ್ದ ಬಾಯಿ ಅದೊಂದೇ. ದೊಡ್ಡವ್ವ ಎನ್ನುತ್ತಿದ್ದ ಬಾಯಿಯೂ ಒಂದೇ.

ಕೋಣೆಯ ಕಪಾಟಿನ ಕಡೆ ನೋಡಿದೆ. ತಂಗಿಯ ಸೀರೆಗಳನ್ನು ತಂದು ಅದರಲ್ಲಿಟ್ಟು ಬೀಗ ಹಾಕಿದ್ದೆ. ನನ್ನಿಂದ ಅವುಗಳನ್ನು ನೋಡುವುದು ಆಗುತ್ತಿರಲಿಲ್ಲ, ಅಷ್ಟೇ. ಬಂದ ಹೊಸತರಲ್ಲಿ ಹುಡುಗಿ ಆ ಕಪಾಟಿನ ಮುಂದೆ ನಿಂತು, ಹಿಡಿಕೆ ಎಳೆದು ನೋಡಿ, ಸುಮ್ಮನೆ ಹೋಗಿದ್ದಳು. ದಿನವೂ ಮಲಗುವ ಮೊದಲು ಅರಿಶಿನ ಹಾಕಿದ ಹಾಲು ಕೊಡುತ್ತಿದ್ದೆ. ಅವಳು ಲೋಟವನ್ನು ಒಂದು ಕ್ಷಣ ನೋಡಿ ಕುಡಿಯುತ್ತಿದ್ದಳು. ಕೆನೆ ನೋಡುತ್ತಾಳೆ ಅಂದುಕೊಂಡಿದ್ದೆ.

ಅಂದಿನಿಂದ ಕೈಗೆ ಕೆಲಸ ಹತ್ತಲಿಲ್ಲ. ಒಂದು ರೇಷ್ಮೆ ಸೀರೆಗೆ ಫಾಲನ್ನು ಸೆರಗಿನ ಕಡೆಗೆ ಹಚ್ಚಿ ಪೂರ್ತಿ ಬಿಚ್ಚಬೇಕಾಯಿತು. ಹುಡುಗಿ ಆ ಪುಸ್ತಕವನ್ನು ಮತ್ತೆ ಮತ್ತೆ ಓದುವುದು ಯಾಕೆ? ನನ್ನನ್ನು ಅಳೆದು ನೋಡಲಿಕ್ಕೆ ಇರಬಹುದೇ? ಸೊಲ್ಲಾಪುರಕ್ಕೆ ಹೋಗಲೋ ಬೇಡವೋ ಎನ್ನುವುದಕ್ಕೆ ಅದರಲ್ಲಿ ಉತ್ತರ ಹುಡುಕುತ್ತಿದ್ದಾಳೆಯೇ? ಇದು ಹುಚ್ಚು ವಿಚಾರ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದರೂ ಬಿಡಲಿಲ್ಲ. ಆ ದೊಡ್ಡವ್ವ ಕೊಂದಳೋ ಇಲ್ಲವೋ, ಅದು ನನಗೆ ತಿಳಿಯಲೇಬೇಕಿತ್ತು. ಸೀದಾ ಕೊನೆಯ ಪುಟ ತೆಗೆದು ನೋಡಲು ಧೈರ್ಯ ಬರಲಿಲ್ಲ.

ದಾರ ತರಲು ಕೋಠಿಗೆ ಹೋಗಬೇಕಿತ್ತು. ಪುಸ್ತಕವನ್ನು ಬ್ಯಾಗಿಗೆ ಹಾಕಿಕೊಂಡೆ. ಬಸ್ಸಿನಲ್ಲಿ ಜಾಗ ಸಿಕ್ಕಿತು, ಓದಿದೆ. ಅಕ್ಷರ ಕುಣಿದು ತಲೆ ತಿರುಗಿದರೂ ಓದಿದೆ. ಅಂಗಡಿಯಲ್ಲಿ ಸೀರೆಯ ಚೂರುಗಳನ್ನು ಗಾಜಿನ ಮೇಲೆ ಹರಡಿ ಬಣ್ಣ ಹೊಂದಿಸುತ್ತಿದ್ದಾಗ ಫೋನು ಬಂತು. ಕಾಲೇಜು ಬೇಗ ಬಿಟ್ಟು ಹುಡುಗಿ ಮನೆಗೆ ಬಂದಿದ್ದಳು.

"ನನ್ನ ಪುಸ್ತಕ ನೋಡೀರೇನ್ರಿ?"

"ಐತಿ," ಎಂದೆ. "ನನ್ನ ಬ್ಯಾಗಿನ್ಯಾಗ ಐತಿ."

"ನಿಮ್ಮ ಬ್ಯಾಗಿನ್ಯಾಗ? ಯಾಕ್ರಿ?"

ಅಂಗಡಿಯವನು ಎರಡು ದಾರದುಂಡೆ ಎತ್ತಿ ಹಿಡಿದು, "ಆಂಟೀ, ಏ ಹೋನಾ ಕೀ ನಕ್ಕೋ?" ಎಂದು ಬೇಕೋ ಬೇಡವೋ ಕೇಳಿದ. ನಾನು ಎರಡನ್ನೂ ಕಟ್ಟು ಎಂದು ಸನ್ನೆ ಮಾಡಿದೆ. ಮನೆಗೆ ಬಂದು ನೋಡಿದರೆ ಎರಡೂ ಬೇಡದ ಬಣ್ಣ.

ಅವಳು ಅಡುಗೆಮನೆಯ ಕಟ್ಟೆಗೆ ಒರಗಿ ನಿಂತಿದ್ದಳು. ಪುಸ್ತಕವನ್ನು ಕೈಗಿಟ್ಟೆ. ಫಾಲಿನ ತುಂಡು ಅವಳು ಇಟ್ಟಲ್ಲಿ ಇಲ್ಲದ್ದನ್ನು ನೋಡಿದಳು.

"ಎಲ್ಲೀ ತನ ಓದೀರಿ?"

"ಕಡೀ ಪಾಠ ಉಳದೈತಿ."

"ಪಾಠ ಅಲ್ರಿ. ಚಾಪ್ಟರ್." ತುಟಿಯ ಒಂದು ತುದಿ ಅಲುಗಿತು.

ಇನ್ನು ತಡೆಯಲಾಗದೆ ಕೇಳಿಬಿಟ್ಟೆ. "ಆ ಆಂಟ್ ಅದಾಳಲ್ಲ, ಅಕಿ ಯಾರಂತ ತಿಳದು ಓದಿದಿ ನೀ? ಅತ್ತಿ ಅಂತೇನು, ದೊಡ್ಡವ್ವ ಅಂತೇನು?"

"ಆಂಟ್ ಅಂದ್ರ ಆಂಟ್ ರೀ. ಇಂಗ್ಲಿಷಿನ್ಯಾಗ ಎಲ್ಲಾರಿಗೂ ಒಂದ ಶಬ್ದ."

"ಎಂಥಾ ಭಾಷಿವಾ ಅದು! ಮನಿಗೆ ಬಂದಾಕಿ ಯಾರಂತ ಗೊತ್ತಾಗೂದು ಬ್ಯಾಡೇನು? ನಾ ಅರ್ಧಾ ಪುಸ್ತಕ ಅತ್ತಿ ಅಂತ ತಿಳದು ಓದೀನಿ."

"ಯಾವ ಅತ್ತಿ?"

ನಾನು ಬ್ಯಾಗಿನಿಂದ ದಾರ ತೆಗೆಯತೊಡಗಿದೆ. ಅವಳು ನನ್ನ ಮುಖವನ್ನೇ ನೋಡಿದಳು.

"ಸೊಲ್ಲಾಪುರದ ಅತ್ತಿ? ಖರೇನ? ಅಡಕಿ ಕತ್ತರಸ್ಕೋತ ಖೂನಿ ಮಾಡ್ಯಾರೇನು ಅವ್ರು?"

ಅವಳಿಗೆ ನಗು ಬಂತು. ನನ್ನ ತಂಗಿಯ ನಗುವೇ. ಸ್ವಲ್ಪ ತಡವಾಗಿ ಹೊರಟು, ಹೊರಟ ಮೇಲೆ ನಿಲ್ಲದ ನಗು. ಕಟ್ಟೆ ಹಿಡಿದುಕೊಂಡು ನಕ್ಕಳು, ನಗುತ್ತಲೇ ಕೂತುಬಿಟ್ಟಳು. ನಮ್ಮ ಮನೆಗೆ ಬಂದ ಮೇಲೆ ಅವಳು ನಕ್ಕದ್ದು ಅಂದೇ. ನನಗೂ ನಗು ಬಂತು.

"ಮುಂದ ದೊಡ್ಡವ್ವ ಅಂತ ಗೊತ್ತಾತು," ಎಂದೆ. "ಆವಾಗಿಂದ ನನಗ ಸಮಾಧಾನ ಇಲ್ಲ. ನಾನೂ ಕಪಾಟಿಗೆ ಕೀಲಿ ಹಾಕೀನಿ. ನಾನೂ ಹಾಲು ಕೊಡ್ತೀನಿ. ನೀ ಅದನ್ನ ಮತ್ತ ಮತ್ತ ಓದ್ತಿ."

ಅವಳ ನಗು ನಿಂತಿತು. ಪುಸ್ತಕದ ಮೂಲೆಯನ್ನು ಬೆರಳಿನಿಂದ ನೇವರಿಸಿದಳು.

"ನಾ ಆ ಆಂಟ್ ಸಲುವಾಗಿ ಓದೂದಿಲ್ರಿ. ಆ ಹುಡುಗಿ ಸಲುವಾಗಿ. ಅಕಿಗೆ ಆ ರಾತ್ರಿದು ಏನೂ ನೆನಪಿಲ್ಲ. ನನಗ ಎಲ್ಲಾ ನೆನಪೈತಿ. ಅವ್ವ ಬಿದ್ದಾಗ ಕುಕ್ಕರ್ ಸೀಟಿ ಹೊಡ್ಯಾಕತ್ತಿತ್ತು. ನಾ ಗ್ಯಾಸ್ ಬಂದ್ ಮಾಡಿ ಆಟೋಕ್ಕ ಓಡಿದೆ. ಆಟೋದಾಗ ಯಾವ ಹಾಡು ಹಚ್ಚಿದ್ದ ಅದೂ ನೆನಪೈತಿ. ಸ್ವಲ್ಪ ಹೊತ್ತು ಆ ಹುಡುಗಿ ಆಗಿ ಇರೂಣು ಅನಸ್ತೈತಿ. ಅಷ್ಟ."

ದೇವರ ಫೋಟೋದ ಹಿಂದಿನಿಂದ ಕಪಾಟಿನ ಬೀಗದಕೈ ತಂದು ಅವಳ ಹತ್ತಿರ ಇಟ್ಟೆ. ಅವಳು ನೋಡಿದಳು, ಮುಟ್ಟಲಿಲ್ಲ. ಎದ್ದು ಮುಖ ತೊಳೆದು ಬಂದಳು.

"ಕಡೀ ಪಾಠ ನಾನ ಓದಿ ಹೇಳ್ಲೇನ್ರಿ?" ಎಂದಳು. "ನೀವ್ ಓದಿದ್ರ ಮತ್ತ ಯಾರ್ಯಾರನ್ನ ಖೂನಿಗಾರರು ಮಾಡ್ತೀರೋ."

ನಾನು ಸೂಜಿಗೆ ದಾರ ಪೋಣಿಸಿ ಒಂದು ಸೀರೆ ತೊಡೆಯ ಮೇಲೆ ಹಾಕಿಕೊಂಡೆ. ಅವಳು ಕಿಟಕಿಯ ಪಕ್ಕ ಕೂತು ಒಂದೊಂದೇ ಸಾಲು ಮನಸ್ಸಿನಲ್ಲಿ ಓದಿ, ನಮ್ಮ ಮಾತಿನಲ್ಲಿ ಹೇಳುತ್ತ ಹೋದಳು. ಕತೆಯ ಹುಡುಗಿ ಬೀಗ ಒಡೆದು ತಾಯಿಯ ಕೋಣೆಗೆ ನುಗ್ಗಿದ್ದಾಳೆ. ನೆಲದ ಮೇಲೆ ಕೂತಿದ್ದಾಳೆ. ಹೊರಗೆ ಹೆಜ್ಜೆಯ ಸಪ್ಪಳ. ಅಷ್ಟರಲ್ಲಿ ನನ್ನ ಫೋನು ರಿಂಗಾಯಿತು. ಸೊಲ್ಲಾಪುರ.

ಅವಳೇ ಎತ್ತಿದಳು. "ಹಾಂ ಅತ್ತಿ, ಆರಾಮ ಅದೀರೇನ್ರಿ? ... ಸೂಟಿಗೆ ಬರ್ತೀನ್ರಿ. ಮಾವಿನ ಹಣ್ಣಿನ ಸೀಕರಣಿ ಮಾಡಿ ಇಡ್ರಿ ನನಗ." ನನ್ನ ಸೂಜಿ ಬಟ್ಟೆಯಲ್ಲೇ ನಿಂತಿತು. ಆ ಕಡೆಯಿಂದ ಉದ್ದನೆಯ ಮಾತು ಕೇಳುತ್ತಿತ್ತು. "ಇಲ್ರಿ ಅತ್ತಿ. ಡಿಗ್ರಿ ಇಲ್ಲೇ ಮಾಡ್ತೀನಿ. ಇಲ್ಲೇ ಇರ್ತೀನ್ರಿ. ... ಏನ್ ಮಾಡೂದ್ರಿ, ಇಲ್ಲಿ ಒಬ್ರಿಗೆ ಇಂಗ್ಲಿಷ್ ಕಲಸೂದೈತಿ."

ಫೋನಿಟ್ಟು, ಏನೂ ಆಗದವಳಂತೆ ಪುಟದ ಮೇಲೆ ಬೆರಳಿಟ್ಟು ಸಾಲು ಹುಡುಕಿದಳು. ಅಲ್ಲಿ ಆ ಶಬ್ದ ಬಂದಿರಬೇಕು. ತುಸು ತಡೆದಳು.

"ಬಾಗಲಾ ತೆಗದು ದೊಡ್ಡವ್ವ ಒಳಗ ಬಂದ್ಲು," ಎಂದಳು. "ಹುಡುಗಿ ಬಾಜೂಕ ನೆಲದ ಮ್ಯಾಲೆ ಕುಂತ್ಲು."

ಆ ದೊಡ್ಡವ್ವ ಯಾರನ್ನೂ ಕೊಂದಿರಲಿಲ್ಲ. ಆ ರಾತ್ರಿ ತಾಯಿ ಮೆಟ್ಟಿಲಿನ ಮೇಲೆ ಕಾಲು ಜಾರಿದಾಗ ಹುಡುಗಿ ಅಲ್ಲೇ ನಿಂತು ನೋಡಿದ್ದಳು. ಅದು ಅವಳಿಗೆ ಒಮ್ಮೆಲೆ ನೆನಪಾಗದಿರಲಿ ಎಂದು ಬೀಗ, ಡಾಕ್ಟರು ಹೇಳಿದ ಗುಳಿಗೆ, ಎಲ್ಲವೂ. ತನ್ನ ಮೇಲೆ ಸಂಶಯಪಟ್ಟರೆ ಪಡಲಿ ಎಂದು ಆ ದೊಡ್ಡವ್ವ ಸುಮ್ಮನಿದ್ದಳು. ನಮ್ಮ ಹುಡುಗಿ ಓದುತ್ತಲೇ ಇದ್ದಳು. ನಾನು ನಡುವೆ ಎಲ್ಲೋ ಜಾರಿಹೋಗಿದ್ದೆ, ಹಳೆಯ ಅಂಗಳದಲ್ಲಿ ಒಂದು ಜಡೆ ಹೆಣೆಯುತ್ತ ಕೂತಿದ್ದೆ. ಸೂಜಿ ಓಡುತ್ತಿಲ್ಲದ್ದು ಅವಳ ಕಣ್ಣಿಗೆ ಬಿದ್ದಿರಬೇಕು.

"ದೊಡ್ಡವ್ವ," ಎಂದಳು ಜೋರಾಗಿ, "ನೀ ಕೇಳಾಕತ್ತಿಯೋ ಇಲ್ಲೋ?"

"ಕೇಳಾಕತ್ತೀನಿ," ಎಂದೆ. "ಓದು."